ಇಪ್ಪತ್ತೆರಡು ಪುಟ

ನನಗೆ ಬರುವುದು ಹೊಲಿಗೆ, ಅಂಟು, ರಟ್ಟು.
ಓದು ಬಾರದೆಂದಲ್ಲ, ಏಳನೆಯ ತನಕ ಹೋಗಿದ್ದೆ;
ಆದರೆ ಝಕರಿಯಾ ಮಾಸ್ತರರು ತಂದ ಮೊದಲ ಕಟ್ಟನ್ನು
ಕೋಡಿಬಾಗದ ನಮ್ಮ ಸಾಲಿನಲ್ಲಿ ಓದುವವರಿರಲಿಲ್ಲ.
ಅಕ್ಷರ ಅರಬ್ಬಿಯದು, ಮಾತು ಸ್ವಾಹಿಲಿಯದು,
ವಾಸನೆ ಮಾತ್ರ ನಮ್ಮದೇ:
ಒಣಮೀನು, ಕೊಬ್ಬರಿ ಎಣ್ಣೆ, ಹಳೆ ಗೋಣಿ.

ಎಂದಿನಂತೆ ಎಡಬದಿಗೆ ಹೊಲಿದುಕೊಟ್ಟೆ.
ತೆರೆದು ನೋಡಿದರು, ಬೈಯಲಿಲ್ಲ.
"ಪುಂಡಲೀಕಾ, ಹಡಗನ್ನು ಹಿಮ್ಮುಖ ಓಡಿಸಿದೆಯಲ್ಲ" ಎಂದು
ಚಹಾ ತರಿಸಿದರು.
ಬಿಚ್ಚಿ ಬಲಕ್ಕೆ ಹೊಲಿದೆ. ದುಡ್ಡು ಎರಡು ಸಲದ್ದು ಕೊಟ್ಟರು.

ಭಟ್ಕಳದವರು. ಓರಗೆಯವರೆಲ್ಲ ದುಬೈಗೆ ಹೋದಾಗ
ಇವರು ಜಾಂಜಿಬಾರಿಗೆ ಹೋಗಿ
ಖಾಲಿ ಕೈಯಲ್ಲಿ ಬಂದರೆಂದು ಊರು ನಕ್ಕಿತಂತೆ.
ಖಾಲಿ ಎಲ್ಲಿ? ಎರಡು ಟ್ರಂಕು ಕಾಗದ, ವರ್ಷಕ್ಕೊಮ್ಮೆ ಮರುಕಳಿಸುವ ಜ್ವರ,
ಲವಂಗ ಹಾಕಿದ ಚಹಾದ ಚಟ.

ಹೊನ್ನಾವರದಿಂದ ಅಕ್ಕಿ, ನಾರು ಒಯ್ದ ಹಡಗೊಂದು
ಮರಳಿ ತಂದದ್ದರ ಲೆಕ್ಕ ಆ ಕಟ್ಟಿನಲ್ಲಿತ್ತು.
ಒಂದು ಸಾಲಿನ ಮೇಲೆ ಬೆರಳಿಟ್ಟು ನನಗೆ ಓದಿ ಹೇಳಿದರು:
ದಂತ ಆರು. ಆಮೆಚಿಪ್ಪು ಒಂದು ಮಣ. ಹುಡುಗಿ ಒಂದು.
ದಂತಕ್ಕೆ ತೂಕ ಬರೆದಿದೆ.
ಹುಡುಗಿಗೆ ಹೆಸರು ಬರೆದಿಲ್ಲ.
ಆವತ್ತು ಚಹಾ ಆರಿಹೋಯಿತು.

ಹನ್ನೊಂದು ವರ್ಷ ಅವಳ ಹಿಂದೆ ಅಲೆದರು.
ಯಲ್ಲಾಪುರದ ಬಸ್ಸು, ಹಳಿಯಾಳದ ಬಸ್ಸು, ಆಮೇಲೆ ನಡಿಗೆ,
ಸಿದ್ದಿಯರ ಕೇರಿಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತು.
ಪೊಲೀಸರು ಕೇಳಿದರು, ಚಂದಾ ಎತ್ತುತ್ತೀರಾ ಎಂದು.
ಮನೆಯ ಹಿರಿಯರೊಬ್ಬರು ಕೇಳಿದರು,
ಆ ಹಡಗು ಯಾರದೆಂದು ಗೊತ್ತಲ್ಲ ನಿನಗೆ, ಕೆದಕುವುದೇಕೆ?
ಗೊತ್ತಿತ್ತು. ಅವರ ಅಜ್ಜನ ಅಜ್ಜನದು.
ಅದನ್ನೂ ಬರೆದಿದ್ದಾರೆ, ಮುನ್ನುಡಿಯ ಎರಡನೇ ಪ್ಯಾರಾದಲ್ಲಿ.

ಕೊನೆಗೊಂದು ಸಂಜೆ ಸಿಕ್ಕಿತು.
ಜನ್ನತ್‌ಬಿ ಎಂಬ ಮುದುಕಿ ಕಾಡಿನಂಚಿಗೆ ನಿಂತು
ಕೂಗುತ್ತಿದ್ದಳು: ಇಂಜೋ, ಇಂಜೋ.
ಸ್ವಾಹಿಲಿಯಲ್ಲಿ ನ್ಜೋ ಎಂದರೆ ಬಾ.
ಮಾಸ್ತರರು ಬಸ್ಸಿಳಿದು ಮನೆಗೂ ಹೋಗದೆ ನನ್ನಲ್ಲಿಗೆ ಬಂದರು.
ಇಪ್ಪತ್ತೆರಡು ಪುಟದ ಅಧ್ಯಾಯವಾಯಿತು ಆ ಕೂಗು.
ಮುನ್ನೂರು ಪ್ರತಿ, ಕ್ಯಾಲಿಕೋ ರಟ್ಟು, ಬೆನ್ನಿಗೆ ಚಿನ್ನದ ಅಕ್ಷರ.

ಮೊದಲ ಪ್ರತಿ ಜನ್ನತ್‌ಬಿಗೆ ಕೊಡಲು ಹೋದರು.
ಅವಳು ಪೂರ್ತಿ ಕೇಳಿಸಿಕೊಂಡು ನಕ್ಕಳಂತೆ.
"ಅಯ್ಯ ಮಾಸ್ತರ್ರೇ, ಅದು ಗೌಳಿಗರ ಕೂಗು.
ಅವರ ಎಮ್ಮೆ ಕಾಯೂಕೆ ಹೋದಾಗ ಕಲ್ತದ್ದು.
ಬೇರೆ ಥರ ಕರೆದ್ರೆ ಅವು ಬರ್ತಿರ್ಲಿಲ್ಲ."

ಮರುದಿನ ನನ್ನ ಕಟ್ಟೆಯ ಮೇಲೆ ಕೂತು ಅಂದರು: ಕತ್ತರಿಸು.
ಹೊಲಿದ ಪುಸ್ತಕದಿಂದ ಹಾಳೆ ಕೀಳುವಂತಿಲ್ಲ,
ಕಿತ್ತರೆ ಅದರ ಜೋಡಿ ಸಡಿಲಾಗಿ ಉದುರುತ್ತದೆ;
ಬೆರಳಗಲ ಬುಡ ಬಿಡಬೇಕು.
ಮುನ್ನೂರು ಪ್ರತಿ, ಹನ್ನೊಂದು ಹಾಳೆಯಂತೆ, ನಾಲ್ಕು ದಿನ.

ತಡೆಯದೆ ಕೇಳಿದೆ:
ಗೌಳಿಗರು ಯಾರಿಂದ ಕಲಿತರೋ ಏನೋ,
ನಿಮ್ಮ ಹುಡುಗಿಯಿಂದಲೇ ಇರಬಹುದಲ್ಲ?
ಬಹಳ ಹೊತ್ತು ಸುಮ್ಮನಿದ್ದರು.
ಹೊರಗೆ ಕಾಳಿ ಇಳಿತದಲ್ಲಿತ್ತು.
"ಇರಬಹುದು ಅಂತ ದಂತದ ಲೆಕ್ಕದಲ್ಲಿ ಯಾರೂ ಬರೆಯಲಿಲ್ಲ.
ಅವಳ ಲೆಕ್ಕದಲ್ಲಿ ಮಾತ್ರ ನಾನು ಹಾಗೆ ಬರೆಯಲೇ?"

ಅವರು ಹೋಗಿ ಆರು ವರ್ಷ.
ಮೊನ್ನೆ ಕಾಲೇಜು ಲೈಬ್ರರಿಯ ಪ್ರತಿ ರಿಪೇರಿಗೆ ಬಂತು.
ಮೇಜಿನ ಮೇಲಿಟ್ಟರೆ ತಾನಾಗಿ ಅಲ್ಲೇ ತೆರೆಯುತ್ತದೆ,
ನೂರ ಹದಿನಾರು, ಆಮೇಲೆ ನೂರ ಮೂವತ್ತೊಂಬತ್ತು,
ನಡುವೆ ಕೊಯ್ದ ಗದ್ದೆಯ ಕೂಳೆ.
ಅಂಟಿಸಿ ಮುಚ್ಚು ಎಂದು ಚೀಟಿ ಬರೆದಿದ್ದರು.
ರಟ್ಟು ಬದಲಿಸಿದೆ, ಬೆನ್ನು ಬಿಗಿದೆ. ಅದನ್ನು ಮುಟ್ಟಲಿಲ್ಲ.

ಕತ್ತರಿಸಿದ ಹಾಳೆ ಸುಡು ಎಂದಿದ್ದರು ಮಾಸ್ತರರು.
ಒಳ್ಳೆಯ ಕಾಗದ, ಮನಸ್ಸಾಗಲಿಲ್ಲ.
ಪಟ್ಟಿ ಪಟ್ಟಿ ಕೊಯ್ದು ಬೆನ್ನಿನ ಒಳಗೆ ಅಸ್ತರು ಕೊಟ್ಟೆ.
ಕಾರವಾರದ ಎಷ್ಟೋ ಶಾಲೆಯ ಹಾಜರಿ ಪುಸ್ತಕಗಳಲ್ಲಿ,
ದಿನಾ ಬೆಳಿಗ್ಗೆ ಹೆಸರು ಕೂಗುವಾಗ,
ರಟ್ಟಿನ ಹಿಂದೆ, ಅಂಟಿನ ಕೆಳಗೆ, ಅದು ಇದೆ.
ಇಂಜೋ.